ಗಂಟೆ ಬಿಚ್ಚಿದ ಕಾಲು

ನಮ್ಮ ಊರಿನ ಕೆರೆಯಲ್ಲಿ ಎಷ್ಟು ಗಂಟೆಗಳಿವೆ ಎಂದು ಯಾರಿಗೂ ಗೊತ್ತಿಲ್ಲ. ಒಂದೂ ಇಲ್ಲ ಎಂದು ಎಲ್ಲರಿಗೂ ಗೊತ್ತು.

ಹೀಗೆ ಎರಡು ಮಾತನ್ನು ಒಂದೇ ಬಾಯಲ್ಲಿ ಆಡುವುದು ನಮಗೆ ಕಷ್ಟವಲ್ಲ, ಅದು ಊರಿನ ಕಟ್ಟಳೆ. ತಪ್ಪು ಮಾಡಿದವರ ಬಲಗಾಲಿಗೆ ನೆಲ್ಲಿಕಾಯಿ ಗಾತ್ರದ ಕಂಚಿನ ಗಂಟೆ ಕಟ್ಟುತ್ತಾರೆ. ತಪ್ಪಿಗೆ ತಕ್ಕ ಹಾಗೆ ಒಂದು ವರ್ಷ, ಎರಡು ವರ್ಷ, ಐದು ವರ್ಷ. ನಡೆದರೆ ಸದ್ದು. ಕೂತು ಕಾಲು ಅಲ್ಲಾಡಿಸಿದರೆ ಸದ್ದು. ನಿದ್ದೆಯಲ್ಲಿ ಮಗ್ಗುಲು ಬದಲಿಸಿದರೂ ಸದ್ದು. ಸದ್ದು ಬಂದ ಬೀದಿಯಲ್ಲಿ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ.

ವರ್ಷ ತುಂಬಿದ ದಿನ ಊರಿಗೆ ಊರೇ ಕೆರೆ ಏರಿಯ ಮೇಲೆ ಸೇರುತ್ತದೆ. ಎಲ್ಲರೂ ನೀರಿಗೆ ಬೆನ್ನು ಹಾಕಿ ನಿಲ್ಲುತ್ತಾರೆ. ಕಂಚುಗಾರ ಉಳಿ ಇಟ್ಟು ಒಂದೇ ಏಟಿಗೆ ಗಂಟೆ ಕೂಡಿಸಿದ ಕಾಲಿನ ಬಳೆ ಕತ್ತರಿಸಿ ಗಂಟೆಯನ್ನು ನೀರಿಗೆಸೆಯುತ್ತಾನೆ. ಗುಳುಂ ಎನ್ನುತ್ತದೆ. ಆಗ ಚಾವಡಿಯ ಯಜಮಾನ ಕೇಳುತ್ತಾನೆ, "ಏನು ಬಿತ್ತು?" ಊರು ಒಂದೇ ದನಿಯಲ್ಲಿ ಹೇಳುತ್ತದೆ, "ಏನೂ ಬೀಳಲಿಲ್ಲ." ಮೂರು ಸಲ ಕೇಳುತ್ತಾನೆ, ಮೂರು ಸಲ ಹೇಳುತ್ತೇವೆ. ಅಲ್ಲಿಗೆ ಗಂಟೆ ಇರಲಿಲ್ಲ, ತಪ್ಪು ಇರಲಿಲ್ಲ, ಆ ವರ್ಷಗಳೂ ಇರಲಿಲ್ಲ. "ಇವರ ಕಾಲಿಗೆ ಗಂಟೆ ಕಟ್ಟಿರಲಿಲ್ಲ" ಎಂದು ಬರೆದ ಒಂದು ಕಾಗದವನ್ನು ಚಾವಡಿ ಮುದ್ರೆ ಒತ್ತಿ ಕೊಡುತ್ತದೆ.

ಆಮೇಲೆ ಅದರ ಮಾತೆತ್ತಿದವರದ್ದೇ ತಪ್ಪು. ನಮ್ಮ ಬೀದಿಯಲ್ಲಿ ಒಬ್ಬ ಒಕ್ಕಣ್ಣನಿದ್ದ. ಅವನ ಕಣ್ಣು ಕಳೆದವನ ಗಂಟೆ ಎಂದೋ ಕೆರೆ ಸೇರಿತ್ತು. ಹಾಗಾಗಿ ಯಾರಾದರೂ "ಕಣ್ಣಿಗೇನಾಯಿತಪ್ಪಾ?" ಎಂದು ಕೇಳಿದರೆ "ಹುಟ್ಟಿದಾಗಿಂದ ಹಿಂಗೇ" ಅನ್ನುತ್ತಿದ್ದ. ಸಾಯುವವರೆಗೂ ಹಾಗೇ ಅಂದ. ಇದನ್ನು ನಾವು ಕ್ಷಮೆ ಎಂದು ಕರೆಯುತ್ತೇವೆ. ಗಂಟೆ ಬಿಚ್ಚಿದ ಮೇಲೂ ಗಂಟೆಯ ಹೆಸರು ಹಿಡಿದೇ ಮನುಷ್ಯರನ್ನು ಕೂಗುವ ಊರುಗಳು ಇವೆಯಂತೆ. ಅಂಥ ಊರಿಗಿಂತ ನಮ್ಮದು ಮೇಲು ಎಂದು ನಾನೂ ಬಹಳ ವರ್ಷ ಹೇಳಿಕೊಂಡು ಬಂದೆ.

ಆದರೆ ಕಾಲಿಗೆ ಕಟ್ಟಳೆ ತಿಳಿಯುವುದಿಲ್ಲ. ಗಂಟೆ ಕಟ್ಟಿಸಿಕೊಂಡವರು ಸದ್ದಾಗದ ಹಾಗೆ ನಡೆಯುವುದನ್ನು ಕಲಿತಿರುತ್ತಾರೆ. ಮೊದಲು ಪಾದದ ಹೊರ ಅಂಚು, ಆಮೇಲೆ ಬೆರಳು, ಎಲ್ಲಕ್ಕೂ ಕೊನೆಗೆ ಹಿಮ್ಮಡಿ. ಗಂಟೆ ಕೆರೆ ಸೇರಿ ಹತ್ತು ವರ್ಷವಾದರೂ ಅವರು ಹಾಗೆಯೇ ನಡೆಯುತ್ತಾರೆ. ತಮ್ಮ ಮನೆಯೊಳಗೆ, ತಮ್ಮ ಅಡುಗೆ ಒಲೆಯ ಮುಂದೆ, ಯಾರೂ ಇಲ್ಲದಾಗ ಕೂಡ.

ಇನ್ನು ನನ್ನ ವಿಷಯ. ನಮ್ಮ ಊರಿಗೆ ನೀರು ಬರುವುದು ಗುಡ್ಡದ ಮೇಲಿನ ಒರತೆಯಿಂದ. ನೆಲದಡಿ ಹೂತ ಮಣ್ಣಿನ ಕೊಳವೆಗಳಲ್ಲಿ ಹರಿದು ಬಂದು ಬೀದಿ ಬೀದಿಯ ತೊಟ್ಟಿಗೆ ಬೀಳುತ್ತದೆ. ಕೊಳವೆ ಎಲ್ಲಾದರೂ ಬಿರುಕು ಬಿಟ್ಟರೆ ಮೇಲಿನಿಂದ ಕಾಣಿಸುವುದಿಲ್ಲ, ಕಿವಿಗೊಟ್ಟರೆ ಮಾತ್ರ ಕೇಳಿಸುತ್ತದೆ. ಅದಕ್ಕಾಗಿ ಚಾವಡಿ ಏಳು ಜನ ಆಲಿಸುವವರನ್ನು ಇಟ್ಟಿದೆ. ಉದ್ದನೆಯ ಬಿದಿರಿನ ಒಂದು ತುದಿಯನ್ನು ನೆಲಕ್ಕೂ ಇನ್ನೊಂದನ್ನು ಕಿವಿಗೂ ಹಚ್ಚಿ ಬೀದಿಯುದ್ದಕ್ಕೂ ಹೋಗುತ್ತಾರೆ. ಕೊಳವೆ ಯಾರ ಅಡುಗೆಮನೆಯ ಅಡಿಯಲ್ಲಾದರೂ ಹಾದಿರಬಹುದು. ಹಾಗಾಗಿ ಆಲಿಸುವವರು ಬಂದರೆ ಯಾವ ಮನೆಯೂ ಬಾಗಿಲು ಮುಚ್ಚುವಂತಿಲ್ಲ. ಒಬ್ಬರು ತೀರಿಕೊಂಡಾಗ ಇನ್ನೊಬ್ಬರನ್ನು ಚಾವಡಿಯ ತರಬೇತಿ ಶಾಲೆಗೆ ಆರಿಸುತ್ತಾರೆ. ಅರ್ಜಿ ಹಾಕುವುದು ಜನ್ಮಕ್ಕೆ ಒಂದೇ ಸಲ.

ಆರಿಸುವವರು ಮೂವರು. ಮೊದಲನೆಯವನು ಶಾಲೆಯ ಮುಖ್ಯಸ್ಥ. ಒಂದು ಕಾಲಕ್ಕೆ ನನ್ನ ಶಿಷ್ಯ, ಬಿದಿರು ಹಿಡಿಯಲು ಕಲಿಸಿದವನು ನಾನು. ಎರಡನೆಯವಳು ಮಾತು ಕಡಿಮೆಯ ಹೆಂಗಸು. ಗೋಡೆಯೊಳಗೆ ಗೆದ್ದಲು ಮೆಲ್ಲುವುದೂ ಅವಳಿಗೆ ಕೇಳುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಮೂರನೆಯವನು ನಾನು. ನಾನು ಬೀದಿಯಲ್ಲಿ ಬರುತ್ತಿದ್ದರೆ ಮೂರು ಮನೆಯಾಚೆಗೇ ಗೊತ್ತಾಗುತ್ತಿತ್ತು, ಏಕೆಂದರೆ ಮರದ ಹಾವುಗೆ ಮೆಟ್ಟುತ್ತಿದ್ದೆ. ಟಕ್, ಟಕ್, ಟಕ್. "ನೀರಿನ ಸದ್ದು ಹಿಡಿಯೋ ಅಜ್ಜ ಊರಿಗೆಲ್ಲ ಸದ್ದು ಹಂಚ್ತಾನೆ" ಎಂದು ಹೆಂಗಸರು ತೊಟ್ಟಿಯ ಹತ್ತಿರ ನಗುತ್ತಿದ್ದರು. ನಗಲಿ ಎಂದು ನಾನು ಇನ್ನೂ ಜೋರಾಗಿ ಮೆಟ್ಟುತ್ತಿದ್ದೆ.

ಅರ್ಜಿಯ ಕಾಗದಗಳನ್ನು ಪ್ರತಿ ಸಲ ನಕಲು ಮಾಡುವ ಕೆಲಸವೂ ನನ್ನದೇ, ಅಕ್ಷರ ದುಂಡಗಿದೆ ಎಂದು. ಹೆಸರು, ವಯಸ್ಸು, ಮನೆ, ಕಿವಿಯ ಕಾಯಿಲೆ ಉಂಟೇ. ಕೊನೆಯಲ್ಲಿ ಒಂದು ಸಾಲು: "ನಿಮ್ಮ ಕಾಲಿಗೆ ಎಂದಾದರೂ ಗಂಟೆ ಕಟ್ಟಿತ್ತೇ? ಬಿಚ್ಚಿ ಕೆರೆಗೆ ಹಾಕಿದ್ದೂ ಸೇರಿ." ಕೆಳಗೆ ಚಾವಡಿಯ ಮುದ್ರೆ. ಆ ಸಾಲನ್ನು ಮೊದಲು ಬರೆದವರು ಯಾರೋ, ಅವರ ಹೆಸರೂ ಕೆರೆ ಸೇರಿದೆ. ನಾನಂತೂ ಒಂದು ಸಲವೂ ಅಕ್ಷರ ತಪ್ಪದೆ ಅದನ್ನು ನಕಲು ಮಾಡಿದೆ.

ಆ ವರ್ಷ ಒಬ್ಬ ಹುಡುಗಿ ಅರ್ಜಿ ಒಯ್ದಳು. ಇಪ್ಪತ್ತಮೂರು ವರ್ಷ ಇರಬಹುದು. ಅವಳಿಗಾದದ್ದನ್ನು ಅವಳೇ ಆಮೇಲೆ ನನಗೆ ಹೇಳಿದಳು. ನಾನು ಸೇರಿಸಿದ್ದು ಏನೂ ಇಲ್ಲ.

ಹತ್ತೊಂಬತ್ತನೇ ವಯಸ್ಸಿನಲ್ಲಿ, ಸಿಟ್ಟಿನ ಭರದಲ್ಲಿ, ಅವಳು ಪಕ್ಕದ ಬೀದಿಯ ಮುದುಕಿಯೊಬ್ಬಳ ಹುಲ್ಲಿನ ಬಣವೆಗೆ ಬೆಂಕಿ ಇಟ್ಟಿದ್ದಳು. ಮುದುಕಿ ಅವಳನ್ನು ನಾಲ್ಕು ಜನರೆದುರು ಕಳ್ಳಿ ಅಂದಿದ್ದಳಂತೆ. ಅಂದದ್ದು ಸುಳ್ಳು. ಆದರೆ ಬಣವೆಯ ಆ ಕಡೆ ಒಂದು ಕರು ಕಟ್ಟಿತ್ತು. ಹುಡುಗಿ ಅದನ್ನು ನೋಡಿರಲಿಲ್ಲ. ಕರು ಸುಟ್ಟು ಸತ್ತಿತು. ಅವಳ ಕಾಲಿಗೆ ಎರಡು ವರ್ಷ ಗಂಟೆ ಬಿತ್ತು.

ಆ ಎರಡು ವರ್ಷ ಅವಳೊಂದಿಗೆ ಯಾರೂ ಮಾತಾಡಲಿಲ್ಲ. ಅಣ್ಣನ ಮನೆಯ ಹಿತ್ತಿಲ ಚಾವಣಿಯ ಕೆಳಗೆ ಮಲಗುತ್ತಿದ್ದಳು. ಕಾಲು ಅಲ್ಲಾಡಿಸಬಾರದು ಎಂದು ಮಗ್ಗುಲಿಗೆ ತಿರುಗಿ, ಕಿವಿಯನ್ನು ನೆಲಕ್ಕೆ ಹಚ್ಚಿ, ಹಾಗೇ ಬಿದ್ದಿರುತ್ತಿದ್ದಳು. ಒಂದು ದಿನ ನೆಲದೊಳಗಿಂದ ಒಂದು ಸಣ್ಣ ದನಿ ಕೇಳಿಸಿತು, ಕೊಳವೆಯಲ್ಲಿ ಹೋಗುವ ನೀರು. ಅಲ್ಲಿಂದ ಮುಂದೆ ಅವಳಿಗೆ ಅದೇ ಸಂಗಾತಿ. ನೀರು ಯಾವಾಗ ತುಂಬಿ ಹೋಗುತ್ತದೆ, ಯಾವಾಗ ಸೊರಗುತ್ತದೆ, ಯಾವ ಮೂಲೆಯಲ್ಲಿ ತಡೆದು ನಿಂತು ಮುಂದೆ ಹೋಗುತ್ತದೆ ಎಲ್ಲ ಅವಳಿಗೆ ತಿಳಿಯುತ್ತಿತ್ತು.

ವರ್ಷ ತುಂಬಿತು. ಗಂಟೆ ಕೆರೆಗೆ ಬಿತ್ತು. ಏನೂ ಬೀಳಲಿಲ್ಲ, ಏನೂ ಬೀಳಲಿಲ್ಲ, ಏನೂ ಬೀಳಲಿಲ್ಲ. ಅವಳು ಮನೆಗೆ ಬಂದಾಗ ಅತ್ತಿಗೆ ಹೊಸ್ತಿಲಲ್ಲೇ ಮಗುವನ್ನು ಅವಳ ಕೈಗಿಟ್ಟು, "ತಗೋ, ನೀನೇ ಎತ್ತಿ ಆಡಿಸಿದ ಕೂಸು" ಅಂದಳು. ಮಗು ಹುಟ್ಟಿದ್ದು ಗಂಟೆಯ ಕಾಲದಲ್ಲಿ. ಒಂದು ದಿನವೂ ಅವಳನ್ನು ಮಗುವಿನ ಹತ್ತಿರ ಬಿಟ್ಟಿರಲಿಲ್ಲ. ಮಗು ಗುರುತಿಲ್ಲದ ಮುಖ ಕಂಡು ಕಿಟಾರನೆ ಕಿರುಚಿತು. "ಯಾಕೋ ಇವತ್ತು ಹಠ" ಎಂದು ಅತ್ತಿಗೆ ನಕ್ಕಳು. ಅತ್ತಿಗೆ ಒಳ್ಳೆಯವಳೇ. ಆದರೆ ಹುಡುಗಿಗೆ ಗಂಟೆ ಇದ್ದಾಗಿನ ಒಂಟಿತನಕ್ಕಿಂತ ಆ ನಗೆಯ ಮುಂದಿನ ಒಂಟಿತನ ದೊಡ್ಡದೆನಿಸಿತು. ಮೊದಲು ಅವಳೊಂದಿಗೆ ಯಾರೂ ಇರಲಿಲ್ಲ. ಈಗ ಎಲ್ಲರೂ ಇದ್ದರು, ಅವಳ ಎರಡು ವರ್ಷ ಮಾತ್ರ ಇರಲಿಲ್ಲ.

ಆಲಿಸುವವರ ಒಂದು ಜಾಗ ಖಾಲಿಯಾಗಿದೆ ಎಂದು ಡಂಗುರ ಹೊಡೆದಾಗ ಅವಳು ಓಡಿ ಬಂದು ಅರ್ಜಿ ಒಯ್ದಳು. ಆ ಕೆಲಸ ಬಿಟ್ಟರೆ ಅವಳಿಗೆ ಬೇರೇನೂ ಬೇಡವಾಗಿತ್ತು. ಮುಚ್ಚಿದ ಬಾಗಿಲುಗಳೆಲ್ಲ ತೆರೆಯುವ ಕೆಲಸ ಅದು, ನೀರಿನ ಜೊತೆ ಇರುವ ಕೆಲಸ. ಕೊನೆಯ ಸಾಲಿಗೆ ಬಂದಾಗ ಕೈ ನಿಂತಿತು.

ಚಾವಡಿಯ ಮುಂದಿನ ಬೇವಿನ ಮರದಡಿ ಅರ್ಜಿ ಬರೆಯುವವನು ಕೂತಿರುತ್ತಾನೆ. ಅವನ ಮುಂದೆ ಎರಡು ಕಾಗದ ಇಟ್ಟಳು. ಒಂದರಲ್ಲಿ, ಗಂಟೆ ಕಟ್ಟಿರಲಿಲ್ಲ. ಇನ್ನೊಂದರಲ್ಲಿ, ಕಟ್ಟಿತ್ತೇ ಹೇಳು.

"ಎರಡಕ್ಕೂ ಒಂದೇ ಮುದ್ರೆ" ಅಂದಳು. "ಹೌದು ಅಂದ್ರೆ ಊರಿನ ಮಾತು ಮುರಿದ ಹಾಗೆ. ಇಲ್ಲ ಅಂದ್ರೆ ಶಾಲೆಗೆ ಸುಳ್ಳು ಹೇಳಿದ ಹಾಗೆ. ಏನು ಬರೀಲಿ?"

ಅರ್ಜಿಯವನು ಕಾಗದಗಳನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು ನೋಡಿದ. "ಅತ್ತ ದರಿ, ಇತ್ತ ಪುಲಿ" ಅಂದ. "ಇಲ್ಲ ಅಂತ ಬರಿಯವ್ವ. ಎಲ್ಲಾರೂ ಅದನ್ನೇ ಬರೀತಾರೆ."

"ಎಲ್ಲಾರೂ ಅಂದ್ರೆ? ಗಂಟೆ ಕಟ್ಟಿಸಿಕೊಂಡೋರು ನಿಮ್ಮ ಹತ್ರ ಬಂದಿದ್ರಾ?"

ಅವನು ಲೇಖನಿ ಕೆಳಗಿಟ್ಟ. "ಯಾವ ಗಂಟೆ?" ಅಂದ. "ಮುಂದಿನೋರು ಬನ್ನಿ."

ಅಲ್ಲಿಂದ ಅವಳು ಸೀದಾ ಮುದುಕಿಯ ಮನೆಗೆ ಹೋದಳು. ಉರಿಬಿಸಿಲ ಮಧ್ಯಾಹ್ನ. ಮುದುಕಿ ಕೊಟ್ಟಿಗೆಯ ಮೆಟ್ಟಿಲ ಮೇಲೆ ಕೂತು ಹುಣಿಸೆಹಣ್ಣು ಬಿಡಿಸುತ್ತಿದ್ದಳು.

"ಅಜ್ಜಿ, ನಾನು ನಿಮ್ಮ ಕರು..."

"ಯಾವ ಕರುನೇ ತಾಯಿ? ನಮ್ಮನೇಲಿ ಕರು ಯಾವತ್ತಿತ್ತು?" ಮುದುಕಿ ತಲೆಯೆತ್ತಲಿಲ್ಲ. ಕಟ್ಟಳೆಯನ್ನು ಅವಳು ಅಕ್ಷರಶಃ ಪಾಲಿಸುವವಳು.

ಹುಡುಗಿ ಕೊಟ್ಟಿಗೆಯೊಳಗೆ ನೋಡಿದಳು. ಒಂದು ಗೂಟದಲ್ಲಿ ಹಸು ಕಟ್ಟಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಗಿಡ್ಡ ಗೂಟ. ಅದಕ್ಕೆ ಕರುವಿನ ಕಣ್ಣಿ ಸುತ್ತಿಟ್ಟಿತ್ತು. ಹಗ್ಗ ಹೊಸದರ ಹಾಗಿತ್ತು, ಯಾರೋ ವಾರಕ್ಕೊಮ್ಮೆ ಎಣ್ಣೆ ಸವರಿಡುತ್ತಿದ್ದರು. ಹುಡುಗಿ ಅದರ ಕಡೆ ಕೈ ಚಾಚಿದಳು.

"ಮುಟ್ಟಬೇಡ" ಅಂದಳು ಮುದುಕಿ. "ಅದು ಯಾವುದರದ್ದೂ ಅಲ್ಲ."

ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಹುಣಿಸೆಹಣ್ಣಿನ ಹುಳಿ ಕಣ್ಣಿಗೆ ಹಾರಿತು ಅಂದಳು. ಹುಳಿ ಹಾರುವಷ್ಟು ಹಸಿಯಾಗಿ ಆ ಹಣ್ಣು ಇರಲಿಲ್ಲ. ಊರು ಹುಡುಗಿಯ ಎರಡು ವರ್ಷ ಅಳಿಸುವಾಗ ಮುದುಕಿಯ ಕರುವನ್ನೂ ಅಳಿಸಿತ್ತು. ಅತ್ತರೆ, ಯಾವುದಕ್ಕೆ ಅಳುತ್ತೀ ಎಂದು ಕೇಳುತ್ತಾರೆ. ಹುಡುಗಿ ಮನೆಗೆ ಬಂದು, ಕೊನೆಯ ಸಾಲನ್ನು ಖಾಲಿ ಬಿಟ್ಟು ಅರ್ಜಿ ಕೊಟ್ಟಳು. ಖಾಲಿ ಬಿಟ್ಟವರನ್ನು ಪರೀಕ್ಷೆಯ ದಿನ ಬಾಯಲ್ಲೇ ಕೇಳುವುದು ಪದ್ಧತಿ.

ಪರೀಕ್ಷೆ ನಡೆಯುವುದು ಶಾಲೆಯ ದೊಡ್ಡ ಪಡಸಾಲೆಯಲ್ಲಿ. ಆಲಿಸುವವರ ಹೆಜ್ಜೆ ನೀರಿನ ಸದ್ದನ್ನು ಮುಚ್ಚಬಾರದು, ಅದಕ್ಕೇ ನಡಿಗೆಯ ಪರೀಕ್ಷೆ. ಈ ಗೋಡೆಯಿಂದ ಆ ಗೋಡೆಯವರೆಗೆ ಒಣಗಿದ ತೇಗದ ಎಲೆ ಹಾಸಿರುತ್ತಾರೆ. ಬಾಗಿಲ ಕಡೆಯ ಗೋಡೆಗೆ ಮುಖ ಮಾಡಿ, ಎಲೆಗೆ ಬೆನ್ನು ಹಾಕಿ ಮೂವರು ಪರೀಕ್ಷಕರು ಕೂರುತ್ತೇವೆ. ಅರ್ಜಿದಾರರು ಎಲೆಯ ಮೇಲೆ ನಡೆದು ದೂರದ ಗೋಡೆ ಮುಟ್ಟಬೇಕು. ಸದ್ದು ಕೇಳಿಸಿದವರು ಕೈ ಎತ್ತುತ್ತೇವೆ. ಮೂರು ಕೈ ಎದ್ದರೆ ಮುಗಿಯಿತು. ಸಾಮಾನ್ಯವಾಗಿ ಹತ್ತು ಹೆಜ್ಜೆಯೊಳಗೆ ಮೂರೂ ಎದ್ದಿರುತ್ತವೆ. ಅರ್ಧ ದಾಟಿದರೆ ಅವರನ್ನು ಜಾಣರೆನ್ನುತ್ತೇವೆ. ಇಡೀ ಪಡಸಾಲೆ ದಾಟಿದವನು ಶಾಲೆಯ ಇತಿಹಾಸದಲ್ಲೇ ಒಬ್ಬ. ಅದು ನಾನು, ನಲವತ್ತೊಂದು ವರ್ಷದ ಹಿಂದೆ. ಹೊಸಬರಿಗೆ ಈ ಕಥೆಯನ್ನು ಮುಖ್ಯಸ್ಥ ಪ್ರತಿ ಸಲ ಹೇಳುತ್ತಿದ್ದ.

ಆ ದಿನ ಆರು ಜನ ನಡೆದರು. ಆರು ಸಲ ಎಲೆ ಮುರಿಯಿತು, ಆರು ಸಲ ಕೈಗಳು ಎದ್ದವು. ಏಳನೆಯವಳು ಹುಡುಗಿ. ನಾವು ಬೆನ್ನು ಹಾಕಿ ಕೂತೆವು. ಕಾದೆವು. ಹೊರಗೆ ಬೇವಿನ ಮರದಲ್ಲಿ ಕಾಗೆ ಕೂಗಿತು. ತೊಟ್ಟಿಗೆ ನೀರು ಬೀಳುತ್ತಿತ್ತು. "ಇನ್ನೂ ಶುರು ಮಾಡಿಲ್ವೇನಮ್ಮಾ?" ಎಂದು ಮುಖ್ಯಸ್ಥ ಬೇಸತ್ತು ಕೇಳಿದ.

"ಮುಟ್ಟಿದೆ" ಎಂದು ದೂರದ ಗೋಡೆಯಿಂದ ಉತ್ತರ ಬಂತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ಕುರ್ಚಿಯ ಕೆಳಗೆ ಹಾವುಗೆಗಳನ್ನು ಒಳಗೆಳೆದುಕೊಂಡೆ.

ಮುಖ್ಯಸ್ಥನಿಗೆ ಸಂತೋಷ ಹಿಡಿಯಲಾಗಲಿಲ್ಲ. ಅವಳನ್ನು ಮುಂದೆ ಕರೆದ. "ಒಂದು ಸಾಲು ಖಾಲಿ ಬಿಟ್ಟಿದ್ದೀಯ ತಂಗಿ. ಬರೀ ಶಾಸ್ತ್ರಕ್ಕೆ ಕೇಳ್ತೀನಿ. ಕಾಲಿಗೆ ಗಂಟೆ ಕಟ್ಟಿತ್ತಾ? ಕೆರೆಗೆ ಹಾಕಿದ್ದೂ ಸೇರಿ."

"ಕಟ್ಟಿತ್ತು."

ಆ ಪದವನ್ನು ಪಡಸಾಲೆಯ ಗೋಡೆಗಳು ಎಂದೂ ಕೇಳಿರಲಿಲ್ಲ.

ಮುಖ್ಯಸ್ಥ ಕೆಟ್ಟವನಲ್ಲ. ಅವನು ದನಿ ತಗ್ಗಿಸಿದ. "ಬಾಯಿ ತಪ್ಪಿ ಬಂದಿರಬೇಕು. ಇನ್ನೊಂದು ಸಲ ಕೇಳ್ತೀನಿ. ಇಲ್ಲ ಅನ್ನು, ಸಾಕು. ನಿನ್ನ ಹತ್ರ ಚಾವಡಿ ಕಾಗದ ಇದೆಯಲ್ಲ, ಅದೂ ಇಲ್ಲ ಅಂತಲೇ ಹೇಳುತ್ತೆ. ಇವತ್ತೇ ಬಿದಿರು ಕೈಗೆ ಕೊಡ್ತೀವಿ. ಜನ್ಮಕ್ಕೆ ಒಂದೇ ಸಲ ನೋಡು, ಯೋಚನೆ ಮಾಡು. ಕಟ್ಟಿತ್ತಾ?"

ಇಲ್ಲ ಅನ್ನು, ಸಾಕು ಎಂಬ ಮಾತನ್ನು ನಾನು ಬಲ್ಲೆ. ನಲವತ್ತೊಂದು ವರ್ಷದ ಹಿಂದೆ, ಅದೇ ಜಾಗದಲ್ಲಿ ನಿಂತಿದ್ದ ಒಬ್ಬ ಹುಡುಗನಿಗೆ, ಅಂದಿನ ಮುಖ್ಯಸ್ಥ ಅದೇ ತಗ್ಗಿದ ದನಿಯಲ್ಲಿ ಹೇಳಿದ್ದರು. ಹುಡುಗ "ಇಲ್ಲ" ಅಂದಿದ್ದ. ಆ ಹುಡುಗನೂ ನಾನೇ.

ಹುಡುಗಿ ತನ್ನ ಕಾಲನ್ನು ನೋಡಿದಳು. ಈಗ ಇಲ್ಲ ಅನ್ನುತ್ತಾಳೆ ಎಂದುಕೊಂಡೆ. ಅನ್ನಲಿ ಎಂದು ಬಯಸಿದೆ ಕೂಡ. ಅವಳಿಗೆ ಒಳ್ಳೆಯದಾಗಲಿ ಎಂದಲ್ಲ, ನನ್ನ ಹಾಗೆ ಇನ್ನೊಬ್ಬರಿರಲಿ ಎಂದು.

"ಕರು ಇತ್ತು ಸ್ವಾಮಿ" ಅಂದಳು. "ಕೆಂದು ಬಣ್ಣದ್ದು, ಹಣೆ ಮೇಲೆ ಬಿಳಿ ಚುಕ್ಕೆ. ನಾನು ಸುಟ್ಟೆ. ನಾನು ಇಲ್ಲ ಅಂದ್ರೆ ಅದೂ ಇರಲಿಲ್ಲ ಅಂತಾಗುತ್ತೆ. ಅದನ್ನ ನೆನಪಿಟ್ಟುಕೊಳ್ಳೋಕೆ ಇನ್ಯಾರಿದ್ದಾರೆ?" ಆಮೇಲೆ ತಲೆಯೆತ್ತಿದಳು. "ನೀವು ಮೆಚ್ಚಿದ್ದು ಈ ನಡಿಗೇನ. ಇದನ್ನ ಕಲಿಸಿದ್ದು ಆ ಗಂಟೆ. ಕಾಲು ಬೇಕು, ಗಂಟೆ ಬೇಡ ಅಂದ್ರೆ ಹೆಂಗೆ ಸ್ವಾಮಿ?"

ಮುಖ್ಯಸ್ಥ ಅವಳನ್ನು ಹೊರಗೆ ಜಗಲಿಯಲ್ಲಿ ಕೂರಲು ಹೇಳಿದ. ಅವಳು ಹೋದದ್ದೂ ಕೇಳಿಸಲಿಲ್ಲ.

ನಮ್ಮ ಮುಂದೆ ಒಂದು ಮಣ್ಣಿನ ಮಡಕೆ ಇತ್ತು. ಮೂವರ ಕೈಯಲ್ಲೂ ಒಂದೊಂದು ಹುಣಿಸೆಬೀಜ. ಒಪ್ಪಿಗೆಯಾದವರು ಬೀಜವನ್ನು ಮಡಕೆಗೆ ಹಾಕಬೇಕು. ಎರಡು ಬೀಜ ಬಿದ್ದರೆ ಜಾಗ ಸಿಕ್ಕಿತು. ಮುಖ್ಯಸ್ಥ ತನ್ನ ಬೀಜವನ್ನು ಪಕ್ಕಕ್ಕಿಟ್ಟ. "ಆಗಲ್ಲ" ಅಂದ. "ಕಟ್ಟಿದ್ದು ನಿಜವಾದ್ರೆ ಅವಳು ಯೋಗ್ಯಳಲ್ಲ. ಅಳಿಸಿದ್ದನ್ನ ಬಾಯಿಬಿಟ್ಟು ಹೇಳಿದ್ದಕ್ಕಂತೂ ಎರಡು ಪಟ್ಟು ಯೋಗ್ಯಳಲ್ಲ. ಗಂಟೆ ಕಟ್ಟಿಸಿಕೊಂಡ ಕಾಲು ಈ ಪಡಸಾಲೆಯಲ್ಲಿ ಇವತ್ತಿನವರೆಗೂ ಕೂತಿಲ್ಲ."

ಎರಡನೆಯವಳು ಬೀಜವನ್ನು ಬೆರಳಲ್ಲಿ ತಿರುಗಿಸುತ್ತಿದ್ದಳು. ಅವಳು ನನ್ನ ಕಡೆ ನೋಡುತ್ತಿದ್ದಳು.

ನನಗೆ ಒಂದು ಸುಲಭದ ದಾರಿಯಿತ್ತು. ಮಾತಿಲ್ಲದೆ ಬೀಜ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಮುದುಕನ ಮನಸ್ಸು ಕರಗಿತು ಎಂದು ಜನ ಅನ್ನುತ್ತಿದ್ದರು. ಆದರೆ ಮುಖ್ಯಸ್ಥನ ಕೊನೆಯ ಮಾತು ಹಾಗೇ ಉಳಿದುಬಿಡುತ್ತಿತ್ತು. ಆ ಮಾತು ನಿಜವಾಗಿ ಉಳಿಯಲಿ ಎಂದೇ ನಾನು ಇಷ್ಟು ವರ್ಷ ಮರದ ಹಾವುಗೆ ಮೆಟ್ಟಿದ್ದು. ಮನೆಯೊಳಗೂ ಮೆಟ್ಟುತ್ತಿದ್ದೆ. ಹೆಂಡತಿ ಬದುಕಿದ್ದಾಗ ಅವಳ ಕಾಯಿಲೆಯ ಹಾಸಿಗೆಯ ಪಕ್ಕಕ್ಕೂ ಟಕ್ ಟಕ್ ಎಂದೇ ಹೋಗುತ್ತಿದ್ದೆ, ಅವಳಿಗೆ ಎಚ್ಚರವಾಗುತ್ತದೆ ಎಂದು ತಿಳಿದೂ. ಅವಳಿಗೂ ನಾನು ಹೇಳಿರಲಿಲ್ಲ.

"ಕೂತಿದ್ದಾನೆ" ಅಂದೆ.

"ಯಾರು?"

"ಇಬ್ಬರೂ ಗೋಡೆ ಕಡೆ ತಿರುಗಿ."

ಅವರು ತಿರುಗಿದರು. ನಾನು ಹಾವುಗೆ ಕಳಚಿದೆ. ನಲವತ್ತೊಂದು ವರ್ಷದ ಮೇಲೆ ಎಲೆಯ ಮೇಲೆ ಬರಿಗಾಲಿಟ್ಟೆ. ಮೊದಲು ಹೊರ ಅಂಚು, ಆಮೇಲೆ ಬೆರಳು, ಕೊನೆಗೆ ಹಿಮ್ಮಡಿ. ಮಂಡಿ ನೋಯುತ್ತಿತ್ತು, ಕಣ್ಣು ಮಂಜಾಗಿತ್ತು, ಆದರೆ ಕಾಲು ಏನನ್ನೂ ಮರೆತಿರಲಿಲ್ಲ. ಒಂದು ಎಲೆಯೂ ಮುರಿಯಲಿಲ್ಲ. ದೂರದ ಗೋಡೆಗೆ ಅಂಗೈ ಹಚ್ಚಿ ನಿಂತು, ಹೇಳಿದೆ.

"ನಾನು. ಮೂರು ವರ್ಷ. ಒಬ್ಬನ ಕಣ್ಣು ಕಳೆದೆ."

ಮುಖ್ಯಸ್ಥ ಗೋಡೆಯ ಕಡೆಯಿಂದ ತಿರುಗಲಿಲ್ಲ. ಅವನ ಬೆನ್ನು ಬಿಗಿದುಕೊಂಡದ್ದು ಕಂಡಿತು. ನನ್ನ ಜಾಗ ಸುಳ್ಳಾದರೆ ನಾನು ಕಲಿಸಿದ ಅವನ ಬಿದಿರೂ ಸುಳ್ಳು ಎಂದು ಅವನಿಗೆ ಹೊಳೆದಿರಬೇಕು. "ಏನೂ ಕೇಳಿಸಲಿಲ್ಲ" ಅಂದ.

"ನಮ್ಮ ಬೀದಿಯ ಒಕ್ಕಣ್ಣ ಹುಟ್ಟಿನಿಂದ ಹಾಗಿರಲಿಲ್ಲ" ಅಂದೆ. "ಅವನು ನನ್ನ ಗೆಳೆಯ. ಆಟದಲ್ಲಿ ಜಗಳವಾಗಿ ನಾನು ಕೋಲಿನಿಂದ ತಿವಿದೆ."

"ಏನೂ ಕೇಳಿಸಲಿಲ್ಲ."

"ಅವನು ದಿನಾ ಎದುರಿಗೆ ಸಿಗುತ್ತಿದ್ದ. ಚೆನ್ನಾಗಿದ್ದೀಯಾ ಅನ್ನುತ್ತಿದ್ದ. ನನ್ನಿಂದ ಹಿಂಗಾಯ್ತು, ತಪ್ಪಾಯ್ತು ಅನ್ನೋ ಒಂದು ಮಾತು ಹೇಳೋಕೆ ನಲವತ್ತು ವರ್ಷ ಕಾದೆ. ಹೇಳಿದ್ರೆ ಊರಿನ ಮಾತು ಮುರಿಯುತ್ತೆ. ಹೋದ ವರ್ಷ ಅವನು ಸತ್ತ."

"ಏನೂ ಕೇಳಿಸಲಿಲ್ಲ" ಎಂದು ಮುಖ್ಯಸ್ಥ ಮೂರನೆಯ ಸಲ ಹೇಳಿದ. ನೆಲದಡಿ ಮೂರಾಳು ಆಳದ ಹನಿ ಕೇಳಿಸಿಕೊಳ್ಳುವ ಮನುಷ್ಯ. ಮೂರು ಸಲ ಆಯಿತು. ನಮ್ಮ ಊರಿನಲ್ಲಿ ಮೂರು ಸಲಕ್ಕೆ ಎಲ್ಲ ಮುಗಿಯುತ್ತದೆ. ನಾನು ಗೋಡೆಯಿಂದ ಕೈ ತೆಗೆದೆ.

ಆಗ ಎರಡನೆಯವಳು ಇತ್ತ ತಿರುಗಿದಳು.

"ನನಗೆ ಕೇಳಿಸಿತು" ಅಂದಳು.

ಅವಳು ಇನ್ನೂ ಒಂದು ಮಾತು ಹೇಳಿದಳು. "ಹಾವುಗೆಯೂ ಕೇಳ್ತಿತ್ತು, ಹಾವುಗೆ ಒಳಗಿನ ಕಾಲೂ ಕೇಳ್ತಿತ್ತು. ಹನ್ನೆರಡು ವರ್ಷದಿಂದ. ನಾನಾಗಿ ವಿಚಾರಿಸೋ ಹಾಗಿರಲಿಲ್ಲ, ನೀವೇ ಹೇಳಬೇಕಿತ್ತು." ಬೀಜವನ್ನು ಮಡಕೆಗೆ ಹಾಕಿದಳು. ಟಣ್ ಎಂದಿತು. ಈ ಸಲ ಬಿದ್ದದ್ದು ಮೂವರಿಗೂ ಕೇಳಿಸಿತು.

ನಾನು ಎಲೆಗಳನ್ನು ಮುರಿಯುತ್ತ, ಕಾಲು ಬಂದ ಹಾಗೆ ಇಡುತ್ತ ವಾಪಸ್ಸು ಬಂದೆ. ಪಡಸಾಲೆ ತುಂಬ ಸದ್ದಾಯಿತು. "ಹಾಗಾದ್ರೆ ನಿಮ್ಮ ಕುರ್ಚಿ ನಾಳೆಯಿಂದ ಖಾಲಿ" ಅಂದ ಮುಖ್ಯಸ್ಥ, ಮುಖ ನೋಡದೆ.

"ಕೇಳಿಸದೇ ಇದ್ದ ಮಾತಿಗೆ ಕುರ್ಚಿ ಯಾಕಪ್ಪಾ ಖಾಲಿಯಾಗಬೇಕು?" ಅಂದೆ. "ಆಗಲಿ. ಇವತ್ತಿನ್ನೂ ತುಂಬಿದೆ." ನನ್ನ ಬೀಜವನ್ನೂ ಹಾಕಿದೆ.

ಅವಳ ಅರ್ಜಿಯ ಖಾಲಿ ಸಾಲಿನಲ್ಲಿ ನನ್ನ ದುಂಡಗಿನ ಅಕ್ಷರದಲ್ಲೇ "ಕಟ್ಟಿತ್ತು" ಎಂದು ಬರೆದು, ಕೆಳಗೆ "ಆಯ್ಕೆಯಾಗಿದೆ" ಎಂದು ಬರೆದೆ. ಎರಡನೆಯವಳು ಮುದ್ರೆ ಒತ್ತಿದಳು. ಹಾವುಗೆಗಳನ್ನು ಕುರ್ಚಿಯ ಕೆಳಗೇ ಬಿಟ್ಟು, ಕಾಗದ ಹಿಡಿದು ಹೊರಗೆ ಬಂದೆ.

ಹುಡುಗಿ ಜಗಲಿಯ ಕಲ್ಲಿನ ಮೇಲೆ ಒಬ್ಬಳೇ ಕೂತಿದ್ದಳು. ಮಡಿಲಲ್ಲಿ ಬುತ್ತಿಯ ಗಂಟು, ಮನೆಗೆ ಹೊರಟವಳ ಹಾಗೆ ಸೆರಗು ಸಿಕ್ಕಿಸಿಕೊಂಡಿದ್ದಳು. ನಾನು ಬಂದದ್ದು ಅವಳಿಗೆ ಕೇಳಿಸಲಿಲ್ಲ. ನೆರಳು ಬಿದ್ದಾಗ ಬೆಚ್ಚಿ ತಲೆಯೆತ್ತಿದಳು. ನನ್ನ ಕೈಯಲ್ಲಿದ್ದ ಕಾಗದವನ್ನು ಅವಳು ನೋಡಲೇ ಇಲ್ಲ. ನನ್ನ ಬರಿಗಾಲುಗಳನ್ನು ನೋಡಿದಳು. ಬಲಗಾಲಿನ ಹರಡಿನ ಮೇಲೆ, ಬಳೆ ಸವೆಸಿದ ಜಾಗದಲ್ಲಿ, ಕೂದಲು ಬೆಳೆಯದ ಒಂದು ಗೆರೆಯಿದೆ. ಅದನ್ನು ನೋಡಿದಳು.

"ಎಷ್ಟು ವರ್ಷ, ಅಜ್ಜಾ?" ಎಂದು ಕೇಳಿದಳು.

ಆ ಪ್ರಶ್ನೆಯನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ತಾಯಿ ಕೇಳಿರಲಿಲ್ಲ, ಹೆಂಡತಿ ಕೇಳಿರಲಿಲ್ಲ, ಒಂದೇ ಕಣ್ಣಿನಲ್ಲಿ ನನ್ನನ್ನು ನೋಡುತ್ತಿದ್ದ ಗೆಳೆಯನೂ ಕೇಳಿರಲಿಲ್ಲ.

"ಮೂರು" ಅಂದೆ.

"ನನಗೆ ಎರಡು" ಅಂದಳು.

ಅವಳು ಬುತ್ತಿಯ ಗಂಟನ್ನು ಆ ಕಡೆಗಿಟ್ಟು, ಕಲ್ಲಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದಳು. ನಾನು ಕೂತೆ.